ಕುದುರೆ ವರ್ಷದವನು

“ಅಮೆರಿಕದೋರು ಎತ್ತರ ಇದಾರೆ ಅಂತ ಯಾರೂ ನನ್ನ ಹತ್ರ ಹೇಳ್ಬೇಡಿ. ನಿನ್ನೆನೂ ಎತ್ತರ ಇದ್ರು, ನಾಳೆನೂ ಎತ್ತರಾನೇ ಇರ್ತಾರೆ. ನಾವ್ಯಾಕೆ ಇವತ್ತು ಇನ್ನೂ ಕುಳ್ಳಗಾದ್ವಿ, ಅದನ್ನ ಹೇಳಿ.”

ಕ್ಯಾಪ್ಟನ್ ಪ್ಯೋ ಪ್ರಶ್ನೆ ಕೇಳುವುದು ಉತ್ತರಕ್ಕಾಗಿ ಅಲ್ಲ ಎಂಬುದು ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಯೊಂಗ್‌ಸಾನ್‌ನಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕರ ತಂಡದೊಂದಿಗೆ ಆ ಮಧ್ಯಾಹ್ನ ಅಭ್ಯಾಸದ ಪಂದ್ಯ ಆಡಿ, ಹೇಳಿಕೊಳ್ಳಲಾಗದಷ್ಟು ಅಂತರದಲ್ಲಿ ಸೋತು, ಲಾರಿ ಹತ್ತಿ ವಾಪಸು ಬಂದಿದ್ದರು. ಯುದ್ಧ ನಿಂತು ಇನ್ನೂ ವರ್ಷ ತುಂಬಿರಲಿಲ್ಲ. ಇವರ ಆಟದ ಮನೆಗೆ ಸೂರೇನೋ ಇತ್ತು, ಗೋಡೆಯ ತುಂಬ ಗುಂಡಿನ ತೂತು. ಗಾಳಿ ಆ ತೂತುಗಳಲ್ಲಿ ಸಿಳ್ಳೆ ಹಾಕುತ್ತಿತ್ತು. ಕೊರಿಯಾದ ಬಾಸ್ಕೆಟ್‌ಬಾಲ್ ತಂಡ ಅಂತ ಎದೆಯ ಮೇಲೆ ಬರೆಸಿಕೊಂಡು ಇವರೆಲ್ಲ ಕೆಲವೇ ದಿನಗಳಲ್ಲಿ ಮನಿಲಾದ ಕ್ರೀಡಾಕೂಟಕ್ಕೆ ಹೊರಡಬೇಕಿತ್ತು.

ಪ್ಯೋ ಬಾಗಿಲ ಹಿಂದಿನಿಂದ ಪಿಕಾಸಿಯ ಮರದ ಕಾವು ತೆಗೆದ. ಅದನ್ನು ಕಂಡದ್ದೇ ಎಲ್ಲರೂ ತಮ್ಮತಮ್ಮ ಜಾಗಕ್ಕೆ ಹೋಗಿ ಗೋಡೆಗೆ ಕೈಯೂರಿ ನಿಂತರು. ಯಾರು ಎಲ್ಲಿ ಅಂತ ಹೇಳಿಕೊಡಬೇಕಾದ್ದೇ ಇರಲಿಲ್ಲ. ಯಾರು ಚೆನ್ನಾಗಿ ಆಡುತ್ತಾರೆ ಎಂಬುದು ಆ ಸಾಲಿಗೆ ಬೇಕಿಲ್ಲ, ಯಾರು ಮೊದಲು ಹುಟ್ಟಿದರು ಎಂಬುದಷ್ಟೇ ಬೇಕು. ಅಲ್ಲಿ ಪ್ರತಿ ವರ್ಷಕ್ಕೂ ಒಂದು ಪ್ರಾಣಿಯ ಹೆಸರು, ಹನ್ನೆರಡು ವರ್ಷಕ್ಕೊಂದು ಸುತ್ತು. ಹುಲಿ ವರ್ಷದ ಪ್ಯೋ ಮೊಲದ ವರ್ಷದವರಿಗೆ ಅಂಡಿನ ಮೇಲೆ ಹೊಡೆಯಬೇಕು, ಮೊಲ ಹಾವಿಗೆ, ಹಾವು ಕುದುರೆಗೆ, ಕುದುರೆ ಕುರಿಗೆ, ಕುರಿ ಕೋತಿಗೆ. ಮೇಲಿನವನಿಂದ ತಿಂದದ್ದನ್ನು ಕೆಳಗಿನವನಿಗೆ ದಾಟಿಸುವುದು. ಒಬ್ಬ ಮೆತ್ತಗೆ ಹೊಡೆದನೋ, ಮತ್ತೆ ಮೊದಲಿನಿಂದ. ಒಬ್ಬ ನೋವು ತಾಳದೆ ಕೈ ಹಿಂದಕ್ಕೆ ತಂದನೋ, ಆಗಲೂ ಮೊದಲಿನಿಂದ. ಇದರಿಂದ ತಂಡ ಒಂದಾಗುತ್ತದೆ ಅಂತ ಪ್ಯೋ ಮನಸಾರೆ ನಂಬಿದ್ದ. ಹಿಂದೆ ಅವನಿಗೆ ಹೊಡೆದ ಹಿರಿಯರೂ ಹಾಗೇ ನಂಬಿದ್ದವರು.

ಮಾ ಹ್ಯೋನ್‌ಗು ಕುದುರೆ ವರ್ಷದವನು. ಉತ್ತರದ ಹಂಹುಂಗಿನಿಂದ ಓಡಿಬಂದವನು, ದಕ್ಷಿಣದಲ್ಲಿ ಅವನಿಗೆ ತನ್ನವರು ಅಂತ ಒಂದು ನಾಯಿಯೂ ಇರಲಿಲ್ಲ. ಸೈನ್ಯದಿಂದಲೇ ಆರಿಸಿದ ಈ ತಂಡ ಅವನಿಗೆ ಅನ್ನ, ಹಾಸಿಗೆ, ಮನೆ, ಎಲ್ಲ ಆಗಿತ್ತು. ದೂರದಿಂದ ಬುಟ್ಟಿಗೆ ಚೆಂಡು ಎಸೆಯುವುದರಲ್ಲಿ ಅವನ ಬಲಗೈಗೆ ಸಮ ಇನ್ನೊಂದು ಕೈ ಇರಲಿಲ್ಲ. ಆ ಸಂಜೆ ಹಾವಿನ ವರ್ಷದವನಿಂದ ಪಾಲು ತಿಂದು, ಹಲ್ಲು ಕಚ್ಚಿ ತಿರುಗಿ, ಕಾವು ತನ್ನ ಕೈಗೆ ತೆಗೆದುಕೊಂಡ. ಎದುರಿಗೆ ಕುರಿ ವರ್ಷದ ಬಾಂಗ್ ದುಶಿಕ್‌ನ ಅಗಲವಾದ ಬೆನ್ನು.

ದುಶಿಕ್‌ಗೆ ಹೊಡೆಯುವ ಮೊದಲು ಹ್ಯೋನ್‌ಗು ಕಾವನ್ನು ಎರಡೆರಡು ಸಲ ಬಿಗಿಯಾಗಿ ಹಿಡಿದು ನೋಡುತ್ತಿದ್ದ. ಕಳೆದ ಚಳಿಗಾಲ ಹೀಗೇ ಹೊಡೆಯುವಾಗ ಕಾವು ಜಾರಿ ದುಶಿಕ್‌ನ ಬೆನ್ನುಮೂಳೆಯ ತುದಿಗೆ ಬಿದ್ದಿತ್ತು. ಮೂಳೆ ಬಿರುಕು ಬಿಟ್ಟು ಅವನು ವಾರಗಟ್ಟಲೆ ಬೋರಲು ಮಲಗಿದ. ಕ್ಯಾಂಪಿನ ಬಾಗಿಲು ತಗುಲಿತು ಅಂತ ಕೋಚ್‌ಗೆ ಹೇಳಿದರು. ಆ ಕ್ಯಾಂಪಿನಲ್ಲಿ ಎಲ್ಲ ಪೆಟ್ಟೂ ಬಾಗಿಲಿನದೇ, ಅದೆಂಥ ಬಾಗಿಲು ಅಂತ ಕೋಚ್ ಯಾವತ್ತೂ ನೋಡಲು ಬಂದವನಲ್ಲ. ದುಶಿಕ್ ಆಡುತ್ತಿದ್ದ ಜಾಗ ಹ್ಯೋನ್‌ಗುಗೆ ಸಿಕ್ಕಿತು, ಮತ್ತೆ ಅವನ ಕೈ ಬಿಡಲಿಲ್ಲ. ದುಶಿಕ್ ಎದ್ದು ಓಡಾಡಿದ ಮೇಲೆ, ನಾನೇ ಅಲ್ಲಾಡಿದೆ, ನನ್ನದೇ ತಪ್ಪು ಅಣ್ಣ, ಅಂದಿದ್ದ. ಅಷ್ಟೇ. ಆಮೇಲೂ ಊಟದಲ್ಲಿ ಹ್ಯೋನ್‌ಗುಗೆ ಏನು ಕೊಟ್ಟರೂ ದೊಡ್ಡವರಿಗೆ ಕೊಡುವಂತೆ ಎರಡು ಕೈಯಲ್ಲೇ ಕೊಡುತ್ತಿದ್ದ. ಹ್ಯೋನ್‌ಗು ಒಂದು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದ.

ಆ ಸಂಜೆಯೂ ಪ್ರತಿ ಏಟಿಗೆ ದುಶಿಕ್ “ತಿದ್ದಿಕೊಳ್ತೀನಿ ಅಣ್ಣ” ಅಂದ. ಹ್ಯೋನ್‌ಗು ಜೋರಾಗಿಯೇ ಹೊಡೆದ. ಕೊನೆಗೆ ಕೋತಿ ವರ್ಷದ ಬ್ಯೊನ್, ಬಿದಿರಿನಂಥ ಹುಡುಗ, ಅಳು ನುಂಗುತ್ತ ಕಾವನ್ನು ಒರೆಸಿ ಬಾಗಿಲ ಹಿಂದೆ ಇಟ್ಟ. ಅದು ಕಿರಿಯವನ ಕೆಲಸ.

ಮಾರನೆಯ ದಿನ ಕ್ಯಾಂಪಿಗೆ ಹೊಸ ಅಡುಗೆಯವಳು ಬಂದಳು. ಹಿಂದಿನವಳಿಗೆ ಗೊತ್ತಿದ್ದ ಒಂದು ವಿದ್ಯೆ ಇವಳಿಗೆ ಬರಲು ಅರ್ಧ ಗಳಿಗೆಯೂ ಹಿಡಿಯಲಿಲ್ಲ. ಬೆಳಗಿನ ಊಟಕ್ಕೆ ಬಂದ ಗಂಡಸರೆಲ್ಲ ಬೆಂಚಿನ ಮುಂದೆ ನಿಂತುಕೊಂಡೇ ಬಾರ್ಲಿ ಅನ್ನ ತಿನ್ನುವುದನ್ನು ಕಂಡು, ಏನೂ ಕೇಳದೆ ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ ಜಾಗ ಮಾಡಿಕೊಟ್ಟಳು. “ದೇಶದ ತಂಡ ಅಂದ್ರೆ ಕೂತ್ಕೊಳ್ಳೋ ಹಾಗಿಲ್ವೇನೋ ಪಾಪ” ಅಂದಳು ಅಷ್ಟೇ. ಬ್ಯೊನ್ ನಕ್ಕು, ನಗುವಾಗಲೂ ನೋವಾಗಿ ಸೊಂಟ ಹಿಡಿದುಕೊಂಡ.

ಅವಳ ಮಾತಿನ ಎಳೆತ ಹ್ಯೋನ್‌ಗುವಿನ ಕಿವಿಗೆ ಬಿತ್ತು. ಅದು ಹಂಹುಂಗಿನ ಎಳೆತ. ಅವನು ಇನ್ನಷ್ಟು ಸಾರು ಹಾಕಿ ಚಿಕ್ಕಮ್ಮ ಅಂದದ್ದು ಅವಳ ಕಿವಿಗೂ ಬಿತ್ತು. ಸೌಟು ಹಿಡಿದುಕೊಂಡೇ ಹತ್ತಿರ ಬಂದು ಅವನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು.

“ನೀನು ಬಡಗಿ ಮಾ ಅವರ ಚಿಕ್ಕ ಮಗ ಅಲ್ವೇನೋ? ಸೇತುವೆ ಪಕ್ಕದ ಮನೆ?”

ಅವನು ಬಟ್ಟಲು ಕೆಳಗಿಟ್ಟ. ಹೌದು ಅಂತ ತಲೆಯಾಡಿಸಿದ. ಅವಳು ಅಳುತ್ತ ನಗುತ್ತ ಒಳಗೆ ಓಡಿ, ಎಲ್ಲೋ ಬಚ್ಚಿಟ್ಟಿದ್ದ ಪುಟ್ಟ ಗಡಿಗೆ ತಂದಳು. ನವಣೆ ಹಾಕಿ ಹುಳಿ ಬರಿಸಿದ ಮೀನು, ಅವರ ಊರಿನದು. ಮುಚ್ಚಳ ತೆಗೆದ ಕೂಡಲೇ ಆ ವಾಸನೆಗೆ ಹ್ಯೋನ್‌ಗು ತನ್ನ ತಾಯಿಯ ಅಡುಗೆಮನೆಯಲ್ಲಿ ನಿಂತುಬಿಟ್ಟ. ಅವಳು ಅವನ ಬಟ್ಟಲಿಗೆ ಹಾಕುತ್ತಲೇ ಇದ್ದಳು, ಸುತ್ತ ನಿಂತವರಿಗೆ ಹೇಳುತ್ತಲೇ ಇದ್ದಳು. ಇವನನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗಿದವಳು ತಾನು. ಇವನಿಗೂ ತನ್ನ ಮಗಳು ಸುನೊಕ್‌ಗೂ ತಿಂಗಳ ಅಂತರ.

“ಇಬ್ರೂ ಹುಂಜದ ವರ್ಷದೋರು. ಇವರಮ್ಮಂಗೆ ಹಾಲು ಬತ್ತಿಹೋಗಿತ್ತು ನೋಡಿ, ಆ ಕಡೆ ಒಂದು ಈ ಕಡೆ ಒಂದು ಅಂತ ನಾನೇ ಕೊಟ್ಟೆ. ಇವರಣ್ಣ ಗಿಯೊಂಗ್ ಪಕ್ಕದಲ್ಲಿ ನಿಂತು, ನಂಗೆ ಅಂತ ಅಳೋನು. ಕುದುರೆ ವರ್ಷದೋನು ಅವನು, ಒದೆಯೋದ್ರಲ್ಲೂ ಕುದುರೇನೆ.”

ಹುಂಜದ ವರ್ಷ ಬರುವುದು ಕೋತಿಯೂ ದಾಟಿದ ಮೇಲೆ, ಅಂದರೆ ಹ್ಯೋನ್‌ಗು ಬ್ಯೊನ್‌ಗಿಂತಲೂ ಚಿಕ್ಕವನು. ಹ್ಯೋನ್‌ಗುವಿನ ಪಕ್ಕದಲ್ಲಿದ್ದ ದುಶಿಕ್ ಆಗ ತಾನೇ ನಂಜಿಕೊಳ್ಳಲು ಇಟ್ಟ ಮೂಲಂಗಿ ಕಿಮ್ಚಿಯ ತಟ್ಟೆಯನ್ನು ಎರಡು ಕೈಯಲ್ಲಿ ಅವನ ಮುಂದೆ ಹಿಡಿದಿದ್ದ. ತಟ್ಟೆ ಗಾಳಿಯಲ್ಲೇ ಉಳಿಯಿತು. ಆಮೇಲೆ ದುಶಿಕ್ ತನ್ನ ಎಡಗೈಯನ್ನು ನಿಧಾನಕ್ಕೆ ಕೆಳಗಿಳಿಸಿದ.

ಅಡುಗೆಯವಳು ಒಬ್ಬೊಬ್ಬರ ಮುಖ ನೋಡಿ, ನಾನೇನಾದ್ರೂ ತಪ್ಪು ಅಂದ್ನಾ ಅಂತ ಕೇಳಿದಳು. ಇಲ್ಲ ಚಿಕ್ಕಮ್ಮ, ಸಾರು ಚೆನ್ನಾಗಿದೆ, ಅಂದ ಪ್ಯೋ.

ಅವಳದೇನು ತಪ್ಪು? ಮಗು ಹುಟ್ಟಿದ ವರ್ಷ ಹೆತ್ತವರೂ ಎತ್ತಿದವರೂ ಬಾಯಿತುಂಬ ಹೇಳುವ ಮಾತು. ಯುದ್ಧದ ಮೊದಲ ಚಳಿಗಾಲ, ಚೀನಾದ ಸೈನ್ಯ ಬೆನ್ನಿಗೆ ಬಂದಾಗ, ಬಂದರಿನಲ್ಲಿ ಊರಿಗೆ ಊರೇ ನಿಂತಿತ್ತು. ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಬಲೆಗೆ ಅಣ್ಣ ಗಿಯೊಂಗ್ ಹ್ಯೋನ್‌ಗುವನ್ನು ಹೆಗಲ ಮೇಲೆ ಹೊತ್ತು ತಗುಲಿಸಿ, ಹತ್ತೋ ಅಂತ ಅಂಡಿಗೆ ಗುದ್ದಿದ್ದ. ಮೇಲೆ ಹತ್ತಿ ತಿರುಗಿದರೆ ಕಟ್ಟೆಯ ತುಂಬ ತಲೆಗಳು, ಅಣ್ಣನ ತಲೆ ಯಾವುದು ಗೊತ್ತಾಗಲಿಲ್ಲ. ದಕ್ಷಿಣದಲ್ಲಿ ಸೈನ್ಯಕ್ಕೆ ಹೆಸರು ಬರೆಸುವಲ್ಲಿ ಬಿಸಿ ಅನ್ನ ಕೊಡುತ್ತಿದ್ದರು, ಎಳೆಯರಿಗೆ ಇರಲಿಲ್ಲ. ಯಾವ ವರ್ಷ ಅಂತ ಕೇಳಿದರು. ಅವನಿಗೆ ಬಾಯಿಗೆ ಬಂದದ್ದು ಅಣ್ಣನ ವರ್ಷ. ಮೊದಲು ಅದು ಅನ್ನಕ್ಕಾಗಿ ಹೇಳಿದ ಸುಳ್ಳು. ಆಮೇಲೆ ಕುರಿಗಳೂ ಕೋತಿಗಳೂ ಅಣ್ಣ, ಅಣ್ಣ ಅಂತ ಕರೆದಾಗಲೆಲ್ಲ, ಗಿಯೊಂಗ್‌ನನ್ನೇ ಯಾರೋ ಕರೆದ ಹಾಗೆ, ಅವನೇ ತನ್ನ ಬಾಯಲ್ಲಿ ಓಗೊಟ್ಟ ಹಾಗೆ ಅನಿಸುತ್ತಿತ್ತು.

ಸಂಜೆ ಅಭ್ಯಾಸ ಮುಗಿದ ಮೇಲೆ ಪ್ಯೋ ಬಾಗಿಲು ಹಾಕಿಸಿದ.

“ಸರ್ಕಾರಕ್ಕೆ ಸುಳ್ಳು ಹೇಳು, ಕೇಳೋದಕ್ಕೆ ನಾನ್ಯಾರು. ಉತ್ತರದಿಂದ ಬಂದೋರೆಲ್ಲ ಏನೋ ಒಂದು ಹೇಳಿದಾರೆ. ಆದ್ರೆ ನಿನಗಿಂತ ದೊಡ್ಡೋನ ಬೆನ್ನು ಮುರಿದು, ಅವನ ಕೈಲೇ ಅಣ್ಣ ಅನ್ನಿಸ್ಕೊಂಡ್ಯಲ್ಲೋ. ಈಗ್ಲೂ ಕುದುರೇನೇ ಅಂತೀಯೋ, ಗಂಟು ಕಟ್ಟು, ನಾಳೆ ಗಡಿ ಮೇಲಿನ ಪಡೆಗೆ ಹೋಗ್ತೀಯ. ಹುಂಜ ಅಂತೀಯೋ, ಹೋಗಿ ಸಾಲಿನ ಕೊನೇಲಿ ಕೈ ಇಡು. ಮನಿಲಾಕ್ಕೆ ಬಾ.”

ಹ್ಯೋನ್‌ಗು ಹೋಗಿ, ಬ್ಯೊನ್‌ನ ಆಚೆಗೆ, ಗೋಡೆಗೆ ಕೈಯಿಟ್ಟ. ಮನಿಲಾ ತಪ್ಪಿದರೆ ಅವನಿಗೆ ಉಳಿಯುವುದು ಏನೂ ಇರಲಿಲ್ಲ.

ಮೊದಲ ಸರದಿ ಬ್ಯೊನ್‌ನದು. ನಿನ್ನೆಯವರೆಗೆ ಸಿಗರೇಟು ತಂದುಕೊಡುತ್ತಿದ್ದವನ ಕೈ ಏಳಲಿಲ್ಲ. ಪ್ಯೋ ಅವನ ಕೆನ್ನೆಗೊಂದು ಬಾರಿಸಿದ ಮೇಲೆ ಎದ್ದಿತು, ಎದ್ದ ಮೇಲೆ ನಿಲ್ಲಲಿಲ್ಲ. ಇಷ್ಟು ದಿನ ತಿಂದು ತಿಂದು ದಾಟಿಸಲು ಯಾರೂ ಇಲ್ಲದೆ ಕೂಡಿಟ್ಟದ್ದೆಲ್ಲ ಹೊರಬಂತು. ನಿನ್ನೆಯ ಬಾವಿನ ಮೇಲೆ ಬಿದ್ದ ಏಟಿಗೆ ಚರ್ಮ ಒಡೆದು ಚಡ್ಡಿ ಒದ್ದೆಯಾಯಿತು. ಆಮೇಲೆ ಕಾವು ದುಶಿಕ್‌ನ ಕೈಗೆ ಹೋಯಿತು.

ದುಶಿಕ್‌ಗೆ ಅವಸರವಿರಲಿಲ್ಲ. ಕಾವಿನ ತುದಿಯನ್ನು ಹ್ಯೋನ್‌ಗುವಿನ ಸೊಂಟಕ್ಕೆ ತಾಗಿಸಿ ಕೇಳಿದ.

“ಯಾವ ವರ್ಷ?”

ಹ್ಯೋನ್‌ಗು ಬಾಯಿ ತೆರೆದ. ಗೋಡೆಗೆ ಕೈಯಿಟ್ಟಾಗಲೇ ಒಪ್ಪಿಕೊಂಡಿದ್ದ, ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

“ಕುದುರೆ.”

ಏಟು ಬಿತ್ತು. ಅವನು ಮತ್ತೆ ಗೋಡೆಗೆ ಕೈಯೂರಿದ.

“ಯಾವ ವರ್ಷ?”

“ಕುದುರೆ.”

ದುಶಿಕ್ ತೊಡೆಯ ಹಿಂಭಾಗಕ್ಕೆ ಹೊಡೆದ, ಮತ್ತೆ ಅಲ್ಲೇ ಹೊಡೆದ. ಹ್ಯೋನ್‌ಗು ನಾಲಿಗೆ ಕಚ್ಚಿಕೊಂಡ, ಬಾಯಲ್ಲಿ ರಕ್ತ ತುಂಬಿತು. ಮತ್ತೊಂದು ಏಟಿಗೆ, ಬೇಡವೆಂದರೂ ಕೇಳದೆ, ಅವನ ಬಲಗೈ ತಾನಾಗಿ ಹಿಂದಕ್ಕೆ ಹೋಯಿತು. ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅವನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನೆಲಕ್ಕೆ ಬಿದ್ದ. ನಡುಬೆರಳು ಬೇರೆ ಯಾರದೋ ಬೆರಳಿನ ಹಾಗೆ ಓರೆಯಾಗಿ ನಿಂತಿತ್ತು. ಕೈ ತಂದರೆ ಮೊದಲಿನಿಂದ ಅಂತ ಎಲ್ಲರಿಗೂ ಗೊತ್ತಿತ್ತು, ಈ ಸಲ ಯಾರೂ ಮೊದಲಿನಿಂದ ಶುರು ಮಾಡಿಸಲಿಲ್ಲ.

ದುಶಿಕ್ ಅವನ ಕೊರಳಪಟ್ಟಿ ಹಿಡಿದು ಎತ್ತಿ ಮತ್ತೆ ಗೋಡೆಗೆ ಒತ್ತಿದ.

“ಯಾವ ವರ್ಷ?”

“ಹುಂಜ.”

“ಕೇಳಿಸ್ಲಿಲ್ಲ.”

“ಹುಂಜದ ವರ್ಷ. ಕುದುರೆ ನಮ್ಮಣ್ಣ.”

“ನಿಮ್ಮಣ್ಣ ಎಲ್ಲಿ?”

“ಕಟ್ಟೆ ಮೇಲೆ.” ಹ್ಯೋನ್‌ಗುವಿನ ಮೂಗಿನಿಂದಲೂ ಬಾಯಿಂದಲೂ ಸುರಿಯುತ್ತಿತ್ತು. “ನನ್ನ ಹತ್ತಿಸಿ, ಅಲ್ಲೇ ಉಳಿದ.”

ದುಶಿಕ್ ಕೊರಳಪಟ್ಟಿ ಬಿಟ್ಟ. ಎಲ್ಲರೂ ಮುಗಿಯಿತು ಅಂದುಕೊಂಡರು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಅದುವರೆಗೆ ಹೊಡೆದಿರದ ಜೋರಿನಲ್ಲಿ, ಬೆನ್ನುಮೂಳೆಯ ತುದಿಗೆ ಒಂದು ಹೊಡೆದ. ಹ್ಯೋನ್‌ಗುವಿನ ಕಣ್ಣಿಗೆ ಕತ್ತಲು ಬಂತು.

“ಇದು ಚಳಿಗಾಲದ್ದು,” ಅಂದ ದುಶಿಕ್. “ನಿಮ್ಮಣ್ಣಂಗಲ್ಲ. ನಿನಗೆ.”

ಸಾಕು ಅಂದ ಪ್ಯೋ. ಅವನ ದನಿ ಒಡೆದಿತ್ತು. ಕೋಚ್‌ಗೆ ಬಾಗಿಲು ಅಂತ ಹೇಳ್ತೀನಿ ಅಂತ ಗೊಣಗುತ್ತ ಹೊರಗೆ ಹೋದ. ಉಳಿದವರು ಒಬ್ಬೊಬ್ಬರೇ ಅವನ ಹಿಂದೆ ಹೋದರು. ದುಶಿಕ್ ಕಾವನ್ನು ಹ್ಯೋನ್‌ಗುವಿನ ಕಾಲ ಬಳಿ ಬಿಸಾಡಿ, ಕ್ಯಾನ್ವಾಸ್ ಚೀಲದಿಂದ ಪಟ್ಟಿಯ ಸುರುಳಿ ತೆಗೆದು, ಊಟದ ಮನೆಗೆ ಬಾ ಅಂತ ಸನ್ನೆ ಮಾಡಿದ. ಹ್ಯೋನ್‌ಗು ಮೊದಲು ಎಡಗೈಯಲ್ಲಿ ಕಾವು ಎತ್ತಿ, ತನ್ನದೇ ರಕ್ತವನ್ನು ಒರೆಸಿ, ಬಾಗಿಲ ಹಿಂದೆ ಇಟ್ಟ. ಆಮೇಲೆ ಗೋಡೆ ಹಿಡಿದುಕೊಂಡು ನಡೆದ.

ಊಟದ ಮನೆಯಲ್ಲಿ ಅಡುಗೆಯವಳು ಅವನನ್ನು ಕಂಡು ಸೌಟು ಕೆಳಗೆ ಹಾಕಿದಳು. ಯಾವಳ ಬಾಯಿ ಇದನ್ನು ಮಾಡಿಸಿತು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವಳು ಏಪ್ರನ್ನಿನಿಂದ ಮುಖ ಮುಚ್ಚಿಕೊಂಡು ಒಲೆಯ ಕಡೆ ತಿರುಗಿದಳು. ಒಂದು ಬೆಂಚನ್ನು ಮಾತ್ರ ಕಾಲಿನಿಂದ ಗೋಡೆಗೆ ತಳ್ಳಿದಳು.

ದುಶಿಕ್ ಇನ್ನೊಂದು ಬೆಂಚಿನ ಮೇಲೆ, ತನಗೂ ನಿನ್ನೆಯ ನೋವಿದ್ದರೂ, ಮುಖ ಹಿಂಡಿಕೊಂಡು ಕೂತ.

“ಎಸೆಯೋ ಕೈ ಅಲ್ವಾ ಇದು?”

“ಹೌದು.”

ದುಶಿಕ್ ಪಟ್ಟಿಯ ಸುರುಳಿ ಬಿಚ್ಚದೆ ಕಾದ.

“ಹೌದು, ಅಣ್ಣ.”

ದುಶಿಕ್ ಓರೆಯಾಗಿದ್ದ ಬೆರಳಿನ ತುದಿ ಹಿಡಿದು, ಮಣಿಕಟ್ಟಿಗೆ ಮಂಡಿ ಕೊಟ್ಟು, ಒಂದೇ ಸಲಕ್ಕೆ ಎಳೆದ. ಹ್ಯೋನ್‌ಗು ಕೂಗಿದ ಕೂಗಿಗೆ ಹೊರಗೆ ಬ್ಯೊನ್ ಬಗ್ಗಿ ನೋಡಿ ಓಡಿಹೋದ. ದುಶಿಕ್ ಆ ಬೆರಳನ್ನು ಪಕ್ಕದ ಬೆರಳಿನ ಜೊತೆ ಒಂದು ಚಾಪ್‌ಸ್ಟಿಕ್ ತುಂಡು ಇಟ್ಟು ಬಿಗಿಯಾಗಿ ಸುತ್ತಿದ.

“ಮನಿಲಾದಲ್ಲಿ ಮೊದಲ ಎರಡು ಆಟ ನಾನು ಎಸೀತೀನಿ, ನೀನು ಎಡಗೈಲಿ ಚೆಂಡು ತಂದುಕೊಡು. ಆಮೇಲೆ ನೋಡೋಣ.” ಪಟ್ಟಿಯನ್ನು ಹಲ್ಲಿನಿಂದ ಕತ್ತರಿಸಿದ. “ಹೋಗು, ನೀರು ತಗೊಂಬಾ. ಬಾಯಿ ಒಣಗಿದೆ.”

ಹ್ಯೋನ್‌ಗು ಕಾಲೆಳೆಯುತ್ತ ಹೋಗಿ ಹಿತ್ತಾಳೆ ಬಟ್ಟಲಿಗೆ ನೀರು ತುಂಬಿಸಿ ತಂದ. ಎಡಗೈಯಲ್ಲಿ ಹಿಡಿದಿದ್ದವನು, ದುಶಿಕ್‌ನ ಮುಂದೆ ಬಂದಾಗ, ಪಟ್ಟಿ ಸುತ್ತಿದ ಬಲಗೈಯನ್ನೂ ಬಟ್ಟಲಿನ ಕೆಳಗೆ ಸೇರಿಸಿ ಮುಂದೆ ಚಾಚಿದ. ಬಿಗಿದ ಬೆರಳು ಮಡಿಸಲಾಗದೆ ಅರ್ಧ ನೀರು ದುಶಿಕ್‌ನ ಮಂಡಿಯ ಮೇಲೆ ಚೆಲ್ಲಿತು. ದುಶಿಕ್ ಒಂದು ಕೈಯಲ್ಲಿ ಬಟ್ಟಲು ತೆಗೆದುಕೊಂಡು, ಉಳಿದದ್ದನ್ನು ಕುಡಿದ.