ಸಾವಿರದ ನಲವತ್ತಾರನೆಯ ಫೈಲು

"ಇಲ್ಲ ಅಂದ್ರೆ ಇಲ್ಲ ಅಂತ ಈ ಚೀಟೀಲಿ ಬರೆದು ಸಹಿ ಹಾಕ್ಬಿಡಿ ಅಕ್ಕ. ಮೇಲೆ ಡಾಕ್ಟರು ಗಡಿಯಾರ ನೋಡ್ತಾ ನಿಂತಿದಾರೆ," ಎಂದಳು ಆಪರೇಷನ್ ಕೋಣೆಯ ನರ್ಸಮ್ಮ.

ಆಸ್ಪತ್ರೆಯ ದಾಖಲೆ ಕೋಣೆ ನೋಡಿಕೊಳ್ಳುವ ಅಕ್ಕ ಚೀಟಿ ಮುಟ್ಟಲಿಲ್ಲ. ಬೇಕಾಗಿದ್ದದ್ದು 1046ನೆಯ ಫೈಲು. ಮೇಲೆ ಮಲಗಿರುವ ಅಜ್ಜಿಗೆ ಹಿಂದೊಮ್ಮೆ ಮತ್ತು ಬರಿಸುವ ಮದ್ದು ಕೊಟ್ಟಾಗ ಉಸಿರೇ ನಿಂತುಹೋಗಿತ್ತಂತೆ. ಯಾವ ಮದ್ದು ಎಂದರೆ 'ಬೆಳ್ಳಗಿತ್ತಪ್ಪ' ಎನ್ನುತ್ತಾಳಂತೆ. ಹೆಸರಿರುವುದು ಆ ಫೈಲಿನಲ್ಲಿ ಮಾತ್ರ. ಕಾಯುವ ಕಾಯಿಲೆಯಲ್ಲ; ಫೈಲಿಲ್ಲವೆಂದರೆ ಇನ್ನು ಹತ್ತು ನಿಮಿಷಕ್ಕೆ ಎಂದಿನ ಮದ್ದನ್ನೇ ಕೊಡುತ್ತಾರೆ.

ಕಂಪ್ಯೂಟರು ಮೂರನೆಯ ಸಲವೂ 'ಇಲ್ಲ' ಎಂದಿತು.

ಹದಿನಾಲ್ಕು ಕಪಾಟುಗಳಲ್ಲಿ ಜಾಗ ಸಿಕ್ಕಲ್ಲಿ ತುರುಕಿದ ಸಾವಿರದ ಇನ್ನೂರು ಫೈಲುಗಳು. ಯಾವುದು ಎಲ್ಲಿದೆಯೆಂದು ಹೇಳುತ್ತಿದ್ದ ದಪ್ಪ ರಿಜಿಸ್ಟರನ್ನು ಅಕ್ಕ ಎರಡು ತಿಂಗಳು ಕೂತು ಕಂಪ್ಯೂಟರಿಗೆ ಹತ್ತಿಸಿದ್ದಳು. ಇನ್ನು ಅದರ ಹಂಗೇಕೆಂದು ನಿನ್ನೆಯಷ್ಟೇ ಬೈಂಡಿಂಗಿಗೂ ಕಳಿಸಿಬಿಟ್ಟಿದ್ದಳು. ಬೆಳಿಗ್ಗೆ ಮೂರಂಕಿಯ ಐದು ಹಳೆಯ ಫೈಲು ಚಿಟಿಕೆ ಹೊಡೆಯುವಷ್ಟರಲ್ಲಿ ಸಿಕ್ಕಿದಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಪ್ರೋಗ್ರಾಂ ಬರೆಯುವುದನ್ನು ಕಲಿಸಿದವಳು ನಾದಿನಿ. ಅಡುಗೆಮನೆಯ ಮೇಜಿನ ಮೇಲೆ ಮನೆಯವರ ವಯಸ್ಸುಗಳನ್ನೇ ಚೀಟಿಯಲ್ಲಿ ಬರೆದು ಹರಡುತ್ತಿದ್ದಳು: 71, 46, 19, 38. ಮೊದಲು ಕಿರಿದರಿಂದ ಹಿರಿದಕ್ಕೆ ಜೋಡಿಸು, ಆಮೇಲೆ ನಡುವಿನದನ್ನು ನೋಡು. ಬೇಕಾದದ್ದು ಅದಕ್ಕಿಂತ ದೊಡ್ಡದಾದರೆ ಎಡಗಡೆಯ ಅರ್ಧ ಗುಡಿಸಿ ಹಾಕು. ಎಷ್ಟು ಸಲ ಜೋಡಿಸಿದರೂ ಅತ್ತೆಯೇ ಕೊನೆಗೆ ಬರುವುದನ್ನು ಕಂಡು ಇಬ್ಬರೂ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು.

"ನೀವು ಬರೆದದ್ದು ಸರಿಯಿದೆ ತಾನೆ ಅಕ್ಕ?" ನರ್ಸಮ್ಮ ಮೆಲ್ಲಗೆ ಕೇಳಿದಳು. "ಸರಿಯಿದ್ರೆ ಸಹಿಗೇನು ಭಯ?"

ಸರಿಯಿದೆ ಎಂದುಬಿಟ್ಟರೆ ಆ ಮುದಿ ಉಸಿರಿನ ಕೆಳಗೆ ತನ್ನ ಸಹಿ. ಅಕ್ಕ ಪ್ರೋಗ್ರಾಂ ಮತ್ತೊಮ್ಮೆ ಓಡಿಸಿದಳು. ಪ್ರತಿ ಹೆಜ್ಜೆಗೂ ನಡುವೆ ಸಿಕ್ಕ ಸಂಖ್ಯೆ ಕಾಣುವಂತೆ ನಾದಿನಿ ಹಟ ಹಿಡಿದು ಬರೆಸಿದ್ದಳು. ಈ ಸಲ ಅದನ್ನೇ ಬೆರಳಿಟ್ಟು ಓದಿದಳು. 458. 728. 863. 930... 998. 999. ಇಲ್ಲ.

ಬೆರಳು 999ರ ಮೇಲೆ ನಿಂತಿತು. ಸಾಲಿನ ತುದಿಯಲ್ಲಿ 1200 ಇರಬೇಕಿತ್ತಲ್ಲ?

ಪಟ್ಟಿ ಬಿಚ್ಚಿದಳು. 1, 10, 100, 1000, 1001... ನಿಘಂಟಿನಲ್ಲಿ ಪದ ಜೋಡಿಸುವ ಹಾಗೆ ಕಂಪ್ಯೂಟರು ಮೊದಲ ಅಂಕಿ ನೋಡಿಯೇ ಸಾಲು ಕಟ್ಟಿತ್ತು. ಸಾವಿರ ದಾಟಿದ್ದೆಲ್ಲ ಎಡಗಡೆ ಸೇರಿ, 1046 ನಡುವಿನ 458ಕ್ಕಿಂತ ದೊಡ್ಡದೆಂದು ಮೊದಲ ಹೆಜ್ಜೆಗೇ ಗುಡಿಸಿಹೋಗಿತ್ತು.

"ಐದೇ ನಿಮಿಷ ಅಕ್ಕ," ಎಂದಳು ನರ್ಸಮ್ಮ.

ತಿದ್ದುತ್ತ ಕೂರುವ ಹೊತ್ತಲ್ಲ. ಮೊದಲ ವಾರ ಬರೆದಿದ್ದ ಪಾಠ ನೆನಪಾಯಿತು: ಜೋಡಿಸುವುದೂ ಇಲ್ಲ, ಅರ್ಧ ಮಾಡುವುದೂ ಇಲ್ಲ, ಮನೆಮನೆ ಬಾಗಿಲು ತಟ್ಟಿದಂತೆ ಮೊದಲಿನಿಂದ ಒಂದೊಂದನ್ನೇ ಕೇಳಿಕೊಂಡು ಹೋಗುವುದು. ಬಸವನಹುಳು ಎಂದು ನಾದಿನಿ ಆಡಿಕೊಂಡಿದ್ದಳು. ಅಕ್ಕ ಅದನ್ನು ಹುಡುಕಿ ತೆಗೆದು, ಪಟ್ಟಿ ಕೊಟ್ಟು, ಗುಂಡಿ ಒತ್ತಿದಳು.

ಬಸವನಹುಳು ರೆಪ್ಪೆ ಬಡಿಯುವ ಮೊದಲೇ ಉತ್ತರ ಕೊಟ್ಟಿತು. ಕಪಾಟು ಒಂಬತ್ತು, ತಳದ ಅರೆ.

ಅಕ್ಕ ಮಂಡಿಯೂರಿ ಎಳೆದಳು. ರಟ್ಟಿನ ಮೇಲೆಯೇ ಕೆಂಪು ಶಾಯಿಯಲ್ಲಿ ಮದ್ದಿನ ಹೆಸರು, ಕೆಳಗೆ ಎರಡು ಗೆರೆ. ನರ್ಸಮ್ಮ ಕಸಿದುಕೊಂಡವಳೇ ಮೆಟ್ಟಿಲು ಹತ್ತಿ ಓಡಿದಳು.

ಆಮೇಲಿನ ಒಂದೂವರೆ ಗಂಟೆ ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ನಾದಿನಿಗೆ ಫೋನು ಮಾಡಿ ಎಲ್ಲ ಹೇಳಿದಳು.

"ನಮ್ಮನೇಲಿ ನೂರು ದಾಟಿದೋರು ಯಾರೂ ಇಲ್ವಲ್ಲ ಅತ್ತಿಗೆ," ಎಂದಳು ನಾದಿನಿ. "ಹತ್ತರ ಒಳಗಿನ ಮಗೂನೂ ಇಲ್ಲ. ಎಲ್ಲಾ ಎರಡೆರಡೇ ಅಂಕಿ. ಅದಕ್ಕೇ ತಪ್ಪು ಕಾಣ್ಲಿಲ್ಲ. ನನ್ನದೇ ತಪ್ಪು."

"ಇಬ್ಬರದೂ ಕಣೇ," ಎಂದಳು ಅಕ್ಕ.

ಅಷ್ಟರಲ್ಲಿ ನರ್ಸಮ್ಮ ಬಾಗಿಲಲ್ಲಿ ನಿಂತಳು. "ಬೇರೆ ಮದ್ದು ಕೊಟ್ರು ಅಕ್ಕ. ಅಜ್ಜಿ ಕಣ್ಣು ಬಿಟ್ಟು ನೀರು ಕೇಳ್ತಿದಾಳೆ."

ಅಕ್ಕ ತಲೆಯಾಡಿಸಿದಳು. ಸಹಿ ಬೀಳದ ಚೀಟಿ ಅಲ್ಲೇ ಇತ್ತು. ಅದನ್ನು ಮಗುಚಿ, ಬೆನ್ನಿನ ಮೇಲೆ 9, 71, 100, 1046 ಎಂದು ಬರೆದು, ಸಂಜೆಯ ಪಾಠಕ್ಕೆಂದು ಊಟದ ಡಬ್ಬಿಯ ಚೀಲಕ್ಕೆ ಹಾಕಿಕೊಂಡಳು.