ಸ್ಕ್ವಾಡ್ ಮೇಷ್ಟ್ರ ಅರವತ್ತು ಉತ್ತರಗಳು

ಪುಕ್ಕಟೆ ಕೊಡಲು ಬಂದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಡಿಸೆಂಬರಿನ ಒಂದು ಗುರುವಾರ, ರಾಯಲ್ಪಾಡಿನ ಹತ್ತಿರದ ನಮ್ಮ ಹೈಸ್ಕೂಲಿಗೆ ಆಶಾರಾಣಿ ಎಂಬುವರು ಬಿಳಿ ಕಾರಿನಲ್ಲಿ ಬಂದಿಳಿದರು. ಶ್ರೀನಿವಾಸಪುರದಲ್ಲಿ ಆಫೀಸಿಟ್ಟುಕೊಂಡಿರುವ ಯಾವುದೋ ಟ್ರಸ್ಟಿನವರಂತೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಅರವತ್ತು ಪ್ರಶ್ನೆ ಕೊಟ್ಟು, ಅವರವರ ಸ್ವಭಾವ ತಿಳಿದುಕೊಂಡು, ಮುಂದೆ ಯಾವ ಓದು, ಯಾವ ಕೆಲಸ ಹೊಂದುತ್ತದೆ ಎಂದು ವರದಿ ಕೊಡುತ್ತಾರಂತೆ. "ಒಂದು ರೂಪಾಯೀನೂ ಬೇಡ ಸಾರ್" ಎಂದರು. ನಾನು ಕಾರಿನ ನಂಬರನ್ನು ಗುರುತು ಹಾಕಿಕೊಂಡೆ.

ನನ್ನ ಹೆಸರು ಕೋದಂಡರಾಮಪ್ಪ. ಗಣಿತದ ಮೇಷ್ಟ್ರು. ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಸ್ಕ್ವಾಡ್' ಎನ್ನುತ್ತಾರೆ. ಪಬ್ಲಿಕ್ ಪರೀಕ್ಷೆಯಲ್ಲಿ ಕಾಪಿ ಹಿಡಿಯಲು ಜೀಪಿನಲ್ಲಿ ಬರುತ್ತಾರಲ್ಲ, ಅವರ ಹೆಸರು. ನನಗೆ ಬೇಜಾರಿಲ್ಲ. ನಾನು ನಿಂತ ಕೋಣೆಯಲ್ಲಿ ಒಂದು ಚೀಟಿಯೂ ಅಲ್ಲಾಡಿಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾವ ಮಗುವಿಗೂ ಪೂರ್ತಿ ಅಂಕ ಕೊಟ್ಟವನೂ ಅಲ್ಲ. ಎಲ್ಲವೂ ಸರಿಯಾಗಿದ್ದರೆ ಎಲ್ಲೋ ಏನೋ ಇದೆ ಅಂತಲೇ ಲೆಕ್ಕ, ಅರ್ಧ ಅಂಕವಾದರೂ ಕಡಿಯುತ್ತೇನೆ. ನನ್ನ ಮನೆ ಮಾಲೂರಿನಲ್ಲಿ. ವಾರವಿಡೀ ಇಲ್ಲೊಂದು ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಊರಿಗೆ ಹೋಗುತ್ತೇನೆ. ಹೆಂಡತಿ ಆದಿಲಕ್ಷ್ಮಿ ಫೋನಿನಲ್ಲಿ ಏನು ಹೇಳಿದರೂ ನಾನು ಅಡ್ಡಪ್ರಶ್ನೆ ಹಾಕುತ್ತೇನಂತೆ. ಅದಕ್ಕೆ ಅವಳು ಫೋನ್ ಮಾಡುವುದನ್ನೇ ಬಿಟ್ಟಿದ್ದಾಳೆ.

ಆಶಾರಾಣಿಯವರ ಪ್ರಶ್ನೆಪತ್ರಿಕೆ ಇಸಿದುಕೊಂಡು ಓದಿದೆ. 'ಒಂದೇ ಕೆಲಸವನ್ನು ಬೇಸರವಿಲ್ಲದೆ ದೀರ್ಘಕಾಲ ಮಾಡಬಲ್ಲೆ', ಹೌದು ಅಥವಾ ಇಲ್ಲ. 'ಮೇಲಿನವರ ಸೂಚನೆಯನ್ನು ಚಾಚೂತಪ್ಪದೆ ಪಾಲಿಸುತ್ತೇನೆ', ಹೌದು ಅಥವಾ ಇಲ್ಲ. ಓದುತ್ತಿದ್ದಂತೆ ನನ್ನ ಕಿವಿ ನೆಟ್ಟಗಾಯಿತು. ಹೋದ ತಿಂಗಳಷ್ಟೇ ನರಸಾಪುರದ ಕಾರ್ಖಾನೆಗಳ ಕಡೆಯ ಯಾವುದೋ ಕಂಪನಿ ಬಸ್ಸು ಕೆಲಸಗಾರರನ್ನು ಕರೆದೊಯ್ಯಲು ಗೌನಿಪಲ್ಲಿವರೆಗೆ ಬರಲು ಶುರುವಾಗಿತ್ತು. ಮೊದಲು ಬಸ್ಸು, ಈಗ ಪ್ರಶ್ನೆಪತ್ರಿಕೆ. ಬಾಯಿ ಮುಚ್ಚಿಕೊಂಡು ಲೈನಿನಲ್ಲಿ ನಿಲ್ಲುವ ಮಕ್ಕಳನ್ನು ಈಗಿನಿಂದಲೇ ಆರಿಸಿಟ್ಟುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಹೆಡ್ ಮೇಷ್ಟ್ರಿಗೆ ಹೇಳಿದರೆ, "ನಿಮಗೆ ಮಧ್ಯಾಹ್ನದ ಬಿಸಿಯೂಟದ ಮೇಲೂ ಅನುಮಾನ" ಎಂದು ನಕ್ಕರು.

ಆ ಕ್ಲಾಸಿನಲ್ಲಿ ವಾಣಿಶ್ರೀ ಎಂಬ ಹುಡುಗಿ ಇದ್ದಾಳೆ. ಟೊಮೇಟೊ ಟೆಂಪೋ ಓಡಿಸುವ ಗಂಗುಲಪ್ಪನ ಮಗಳು. ಗಣಿತದಲ್ಲಿ ಅಷ್ಟಕ್ಕಷ್ಟೆ. ಆದರೆ ಆಂಧ್ರದ ಗಡಿಯ ನಮ್ಮ ಕಡೆ ಮನೆಯಲ್ಲೆಲ್ಲ ತೆಲುಗು, ಸರ್ಕಾರಿ ಕಾಗದವೆಲ್ಲ ಕನ್ನಡ. ಹಾಗಾಗಿ ಊರಿನ ಹೆಂಗಸರು ಬ್ಯಾಂಕಿಗೆ, ನಾಡಕಚೇರಿಗೆ ಹೋಗುವಾಗ ಈ ಹುಡುಗಿಯನ್ನು ಕರೆದುಕೊಂಡು ಹೋಗುತ್ತಾರೆ. ಒಮ್ಮೆ ಚಂದನ ಎಂಬ ಹುಡುಗಿ ಬೋರ್ಡಿನ ಲೆಕ್ಕ ಮಾಡದೆ ಸುಮ್ಮನೆ ನಿಂತಾಗ ನಾನು ಕಳ್ಳಾಟ ಎಂದು ಬೈದಿದ್ದೆ. ವಾಣಿಶ್ರೀ ಬಂದು, "ಸಾರ್, ಅವಳಿಗೆ ಬೋರ್ಡು ಕಾಣ್ಸಲ್ಲ, ಹೇಳೋಕೆ ನಾಚ್ಕೆ" ಎಂದಳು. ಕಣ್ಣಿನ ಡಾಕ್ಟರು ನೋಡಿ ಕನ್ನಡಕ ಕೊಟ್ಟರು. ಅದನ್ನು ನಾನು ಅಲ್ಲಿಗೇ ಮರೆತುಬಿಟ್ಟಿದ್ದೆ.

ವಾಣಿಶ್ರೀಗೆ ಶ್ರೀನಿವಾಸಪುರದ ಪಿಯು ಕಾಲೇಜಿನಲ್ಲಿ ಆರ್ಟ್ಸ್ ಓದುವಾಸೆ. ಅದರಿಂದ ಹೊಟ್ಟೆ ತುಂಬುವುದಿಲ್ಲ ಎಂದು ಗಂಗುಲಪ್ಪನ ಹಟ. ಅಪ್ಪ ಮಗಳಿಗೆ ತಿಂಗಳಿಂದ ಮಾತಿಲ್ಲ. ಕೊನೆಗೆ ಅವನು, "ನನ್ ಮಾತೂ ಬೇಡ, ನಿನ್ ಮಾತೂ ಬೇಡ. ಆ ರಿಪೋರ್ಟಲ್ಲಿ ಏನ್ ಬರುತ್ತೋ ಅದೇ" ಎಂದು ದೇವರ ಫೋಟೋ ಮುಂದೆ ಹೇಳಿದ್ದನಂತೆ. ಹುಡುಗಿಯೇ ನನಗೆ ಹೇಳಿದಳು.

ಪರೀಕ್ಷೆಯ ದಿನ ನಾನು ಎಂದಿನಂತೆ ಕೋಣೆಯೊಳಗೆ ಹೋಗಿ ನಿಂತೆ. ಆಶಾರಾಣಿ, "ಇದ್ರಲ್ಲಿ ಸರಿ ತಪ್ಪು ಅನ್ನೋದಿಲ್ಲ ಸಾರ್. ನೀವಿದ್ರೆ ಮಕ್ಕಳು ಹೆದರ್ತಾರೆ, ಸ್ವಲ್ಪ ಹೊರಗಿರ್ತೀರಾ?" ಎಂದರು. ನನ್ನ ಶಾಲೆ, ನನ್ನ ಕ್ಲಾಸು, ನಾನು ಹೊರಗೆ! ಮೈಯೆಲ್ಲ ಉರಿಯಿತು. ಹೊರಗೆ ಬಂದು ಕಿಟಕಿಯ ಸರಳು ಹಿಡಿದು ನಿಂತೆ.

ಹತ್ತು ನಿಮಿಷಕ್ಕೆಲ್ಲ ಶುರುವಾಯಿತು. ಪ್ರಶ್ನೆಯ ಕನ್ನಡ ಪುಸ್ತಕದ ಕನ್ನಡ, ಅರ್ಧ ಮಕ್ಕಳಿಗೆ ತಲೆಬುಡ ತಿಳಿಯಲಿಲ್ಲ. ಕನ್ನಡ ಪೇಪರಿನ ದಿನ ಎಲ್ಲರ ಕಣ್ಣೂ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಹೋಯಿತು, ಮೂರನೇ ಬೆಂಚಿನ ವಾಣಿಶ್ರೀಯ ಹಾಳೆಗೆ. ಅಲ್ಲಿಂದ ಪಕ್ಕಕ್ಕೆ, ಪಕ್ಕದಿಂದ ಹಿಂದಕ್ಕೆ. ಆಶಾರಾಣಿ ಮೊಬೈಲಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ಒಂದು ಸಲ ಕೆಮ್ಮಿದ್ದರೂ ಸಾಕಿತ್ತು, ನನ್ನ ಕೆಮ್ಮಿಗೆ ಇಡೀ ಕ್ಲಾಸು ತಲೆ ತಗ್ಗಿಸುತ್ತದೆ. ನಾನು ಕೆಮ್ಮಲಿಲ್ಲ. ಕೆಡಲಿ ಇವಳ ಪರೀಕ್ಷೆ ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು.

ಜನವರಿಯಲ್ಲಿ ವರದಿ ಬಂತು. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೊಂದು ಮಕ್ಕಳದು ಹೆಚ್ಚುಕಡಿಮೆ ಒಂದೇ: 'ಎಚ್ಚರದ ಸ್ವಭಾವ. ತಪ್ಪು ಹುಡುಕುವ ಕಣ್ಣು. ಸೂಕ್ತ ಕ್ಷೇತ್ರ: ಗುಣಮಟ್ಟ ತಪಾಸಣೆ, ಲೆಕ್ಕ ಪರಿಶೋಧನೆ, ಭದ್ರತೆ.' ಸ್ಟಾಫ್ ರೂಮಿನಲ್ಲಿ ಕೂತು ಹೊಟ್ಟೆತುಂಬ ನಕ್ಕೆ. ನಗುವಾಗಲೇ ಗಂಗುಲಪ್ಪ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಮಗಳ ವರದಿ ಇತ್ತು.

"ನೋಡಿ ಸಾರ್, ನಾನ್ ಹೇಳಿದ್ದೇ ಬಂತು. ಗುಣಮಟ್ಟ ತಪಾಸಣೆ ಅಂದ್ರೆ ನಮ್ ಅಣ್ಣನ ಮಗ ಆಂಜಿ ನರಸಾಪುರದಲ್ಲಿ ಮಾಡ್ತಾನಲ್ಲ, ಅದೇ. ಎರಡು ವರ್ಷ ಐಟಿಐಗೆ ಹಾಕ್ತೀನಿ, ಹದಿನೆಂಟು ತುಂಬಿದ ಕೂಡ್ಲೇ ಕಂಪನಿ ಬಸ್ಸು. ಇನ್ ಆರ್ಟ್ಸ್ ಮಾತೇ ಇಲ್ಲ."

ನನ್ನ ನಗು ನಿಂತಿತು. ಕಂಪನಿಯ ಕೆಲಸ ಕೀಳು ಎಂದು ನಾನು ಹೇಳುವುದಿಲ್ಲ, ಆಂಜಿ ಚೆನ್ನಾಗಿಯೇ ಇದ್ದಾನೆ. ಆದರೆ ಆ ಹುಡುಗಿ ನಾಲ್ಕು ಸ್ಕ್ರೂ ಎಣಿಸುವಾಗ ಐದನೆಯದನ್ನು ಮರೆತು ಪಕ್ಕದವಳು ಯಾಕೆ ಸಪ್ಪಗಿದ್ದಾಳೆ ಎಂದು ನೋಡುವವಳು. ಎಲ್ಲರೂ ಕಾಪಿ ಹೊಡೆದದ್ದು ಅವಳದನ್ನೇ, ಅಂದಮೇಲೆ ಅವಳದಾದರೂ ಅವಳ ಸ್ವಂತದ್ದಿರಬೇಕು. ಅವಳಿಗೇಕೆ ಹೀಗೆ ಬಂತು? ಖಂಡಿತ ಇದು ಕಂಪನಿಯವರ ಕಿತಾಪತಿ ಎನ್ನಿಸಿತು.

ಮರುದಿನವೇ ಶ್ರೀನಿವಾಸಪುರದ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬರನ್ನು ಟ್ರಸ್ಟಿನ ದಾರಿ ಕೇಳಿದೆ, ಸಾಲದೆಂದು ಬೀಡಾ ಅಂಗಡಿಯವನನ್ನೂ ಕೇಳಿದೆ. ಆಶಾರಾಣಿ ಕುರ್ಚಿ ತೋರಿಸುವ ಮೊದಲೇ, "ಯಾವ ಕಂಪನಿಯವರು ನಿಮ್ಮ ಹಿಂದೆ ಇದ್ದಾರೆ?" ಎಂದೆ.

ಅವರು ನನ್ನನ್ನೇ ದಿಟ್ಟಿಸಿದರು. "ನಾನೂ ನಿಮ್ಮನ್ನ ಒಂದು ಕೇಳ್ಬೇಕು ಅಂತಿದ್ದೆ ಸಾರ್. ಮಕ್ಕಳಿಗೆ ಉತ್ತರ ಬರೆಸಿದ್ದು ಯಾರು? ಇದು ಹದಿನೈದು ವರ್ಷದ ಮಕ್ಕಳ ಉತ್ತರ ಅಲ್ಲ. ಐವತ್ತು ದಾಟಿದೋರ್ದು."

ವಾಣಿಶ್ರೀಯ ಹಾಳೆ ತೆಗೆದು ಓದತೊಡಗಿದರು. ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುತ್ತೇನೆ: ಹೌದು. ಯಾರಾದರೂ ಹೊಗಳಿದರೆ ಅವರಿಗೆ ನನ್ನಿಂದ ಏನೋ ಆಗಬೇಕಿದೆ ಎಂದುಕೊಳ್ಳುತ್ತೇನೆ: ಹೌದು. ಒಬ್ಬರು ಹೇಳಿದ ದಾರಿಯನ್ನು ಇನ್ನೊಬ್ಬರ ಬಳಿ ಕೇಳಿ ಖಚಿತಪಡಿಸಿಕೊಳ್ಳುತ್ತೇನೆ: ಹೌದು. ನನಗೆ ಬೀಡಾ ಅಂಗಡಿಯವನು ನೆನಪಾದ. ಅವರು ಓದುತ್ತಾ ಹೋದರು, ನಾನು ಬೆವರುತ್ತಾ ಹೋದೆ. ಹಾಳೆಯ ತುಂಬ ಇದ್ದದ್ದು ನಾನು.

ಕಿಟಕಿಯ ಹೊರಗೆ ನಿಂತು ನೋಡಿಯೂ ಸುಮ್ಮನಿದ್ದುದನ್ನು ಅವರಿಗೆ ಹೇಳಿದೆ. ಅವರು ಬೈಯಲಿಲ್ಲ. "ಕ್ಲಾಸಿಗೆಲ್ಲ ಮತ್ತೊಂದು ಸಲ ಮಾಡೋಣ ಸಾರ್, ಈ ಸಲ ತೆಲುಗಲ್ಲೂ ಕೊಡ್ತೀನಿ. ಇದು ಒಂದು ಸುಳಿವು ಅಷ್ಟೆ, ಹಣೇಲಿ ಬರೆದಿದ್ದಲ್ಲ ಅಂತ ಆವತ್ತೇ ತಂದೆತಾಯಿಗಳನ್ನ ಕರೆದು ಹೇಳ್ಬೇಕಿತ್ತು ನಾನು" ಎಂದು ವಾಣಿಶ್ರೀಯ ಹಾಳೆಯನ್ನೂ ಖಾಲಿ ಪತ್ರಿಕೆಯೊಂದನ್ನೂ ಕೊಟ್ಟರು. ಟ್ರಸ್ಟು ನಡೆಯುವುದು ಒಬ್ಬ ನಿವೃತ್ತ ಡಾಕ್ಟರ ಸಹಾಯದಿಂದಂತೆ. ನಂಬಿದೆ ಎಂದು ಹೇಳಲಾರೆ, ಆದರೆ ಕಾರಿನ ನಂಬರಿದ್ದ ಚೀಟಿಯನ್ನು ಹರಿದು ಹಾಕಿದೆ.

ಶಾಲೆಯ ಪಡಸಾಲೆಯಲ್ಲಿ ವಾಣಿಶ್ರೀಯನ್ನು ನಿಲ್ಲಿಸಿ, ಯಾಕೆ ಹೀಗೆ ಬರೆದೆ ಎಂದು ಕೇಳಿದೆ.

"ನೀವೇ ಹೇಳ್ಕೊಟ್ಟಿದ್ದಲ್ವಾ ಸಾರ್, ಪೇಪರ್ ಯಾರು ತಿದ್ತಾರೋ ಅವ್ರಿಗೆ ಏನ್ ಬೇಕು ಅಂತ ಯೋಚ್ನೆ ಮಾಡಿ ಬರೀಬೇಕು ಅಂತ. ಮೇಡಮ್ಮು ಸರಿ ತಪ್ಪು ಇಲ್ಲ ಅಂದ್ರು. ಅಂಥ ಪರೀಕ್ಷೆ ಎಲ್ಲಾದ್ರೂ ಇರುತ್ತಾ ಸಾರ್? ನೀವು ಕಿಟಕೀಲಿ ನಿಂತಿದ್ರಿ. ತಿದ್ದೋರು ನೀವೇ ಅಂದ್ಕೊಂಡೆ. ನೀವಾದ್ರೆ ಏನ್ ಬರೀತಿದ್ರೋ ಅದನ್ನೇ ಬರ್ದೆ."

ಸಂಜೆ ಅವಳ ಮನೆಗೆ ಹೋದೆ. ಗಂಗುಲಪ್ಪ ಟೆಂಪೋ ತೊಳೆಯುತ್ತಿದ್ದ. ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ. ಆ ವರದಿ ನಿನ್ನ ಮಗಳದಲ್ಲ, ಅವಳು ಬರೆದದ್ದು ನನ್ನ ಸ್ವಭಾವ, ಎಲ್ಲರೂ ಅದನ್ನೇ ಕಾಪಿ ಹೊಡೆದರು, ನಾನು ನೋಡಿಯೂ ಬಿಟ್ಟೆ ಎಂದೆ. ಅವನು ಕೈ ಒರೆಸಿಕೊಂಡು ನಕ್ಕ.

"ಸಾರ್, ನಾನೂ ನಿಮ್ ಸ್ಟೂಡೆಂಟೇ. ನಿಮ್ ಮೊದಲ್ನೇ ಕೆಲಸ ಇದೇ ಸ್ಕೂಲಲ್ಲಿ, ಜ್ಞಾಪಕ ಇದೆಯಾ? ಅರ್ಧವಾರ್ಷಿಕ ಪರೀಕ್ಷೇಲಿ ರಬ್ಬರ್ ಕೇಳೋಕೆ ತಿರುಗಿದ್ದಕ್ಕೆ ನನ್ನ ಹೊರಗೆ ನಿಲ್ಸಿದ್ರಿ. ರಬ್ಬರ್ ಕೇಳಿದೋನ್ನ ಬಿಡದೇ ಇದ್ದೋರು ಕಾಪಿ ಹೊಡೆಯೋರ್ನ ಬಿಟ್ರಾ? ಅಬದ್ಧಂ ಸಾರ್. ಹುಡುಗಿ ಅತ್ತಿರ್ತಾಳೆ, ನಿಮ್ ಮನಸ್ಸು ಕರಗಿದೆ, ಸುಳ್ಳು ಹೇಳೋಕ್ ಬಂದಿದ್ದೀರಿ."

ಬಾಳಿನಲ್ಲಿ ಮೊದಲ ಸಲ ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳಲು ಬಂದಿದ್ದೆ, ನಂಬುವವರಿಲ್ಲ. ರಬ್ಬರಿನ ವಿಷಯ ನನಗೆ ನೆನಪೂ ಇರಲಿಲ್ಲ. ನಾಚಿಕೆಯಾಯಿತು. ಚೀಲದಿಂದ ಖಾಲಿ ಪತ್ರಿಕೆ ತೆಗೆದು ಅವನ ಕೈಗಿಟ್ಟೆ, ಜೊತೆಗೆ ಮಗಳ ಹಾಳೆ.

"ನೀನೇ ಓದಪ್ಪ. ನಾನು ಉತ್ತರ ಹೇಳ್ತೀನಿ. ಅವಳು ಬರೆದಿರೋದ್ರ ಜೊತೆ ನೀನೇ ತಾಳೆ ನೋಡು."

ಅವನು ಅನುಮಾನದಿಂದಲೇ ಓದಲು ಕೂತ. ನಾನು ಹೌದು, ಇಲ್ಲ, ಹೌದು ಎನ್ನುತ್ತಾ ಹೋದೆ. ಅವನು ಅದನ್ನು ಖಾಲಿ ಪತ್ರಿಕೆಯಲ್ಲಿ ಬರೆದು, ತಾಳೆಯಾದಾಗ ಮಗಳ ಹಾಳೆಯಲ್ಲಿ ಪೆನ್ನಿನಿಂದ ಸರಿ ಗುರುತು ಹಾಕುತ್ತಾ ಹೋದ. ಇಪ್ಪತ್ತರವರೆಗೆ ಅವನ ಮುಖದಲ್ಲಿ ಏನೂ ಇರಲಿಲ್ಲ. ಮೂವತ್ತಕ್ಕೆ, "ಇದೂ ಸರೀನೇ" ಎಂದು ಗೊಣಗಿದ. 'ತಪ್ಪು ನನ್ನದಾದರೆ ತಕ್ಷಣ ಒಪ್ಪಿಕೊಳ್ಳುತ್ತೇನೆ' ಎಂದು ಓದಿದಾಗ ಸ್ವಲ್ಪ ಯೋಚಿಸಿ ಇಲ್ಲ ಎಂದೆ. ಅವನು ಹಾಳೆ ನೋಡಿ ಹುಬ್ಬೇರಿಸಿದ. ಐವತ್ತರ ಹೊತ್ತಿಗೆ ಅವನು ಓದುವುದನ್ನು ನಡುನಡುವೆ ನಿಲ್ಲಿಸಿ ಒಳಮನೆಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದ. ವಾಣಿಶ್ರೀ ಬಾಗಿಲ ಹಿಂದೆ ನಿಂತಿದ್ದಳು.

"ಐವತ್ತೆಂಟು" ಎಂದ. "ನನ್ನ ಕಷ್ಟಸುಖ ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರೆ."

"ಹೌದು" ಎಂದೆ.

ಗಂಗುಲಪ್ಪ ಹಾಳೆ ನೋಡಿದ, ನನ್ನನ್ನು ನೋಡಿದ. "ಇದೊಂದು ತಪ್ಪಿದೆ ಸಾರ್. ಇಲ್ಲ ಅಂತ ಹಾಕವ್ಳೆ."

ನನಗೆ ಮೊದಲು ಸಿಟ್ಟು ಬಂತು. ಯಾರಿಲ್ಲ ನನಗೆ? ಮಾಲೂರಿನಲ್ಲಿ ಹೆಂಡತಿ ಇದ್ದಾಳೆ ಎಂದು ಹೇಳಲು ಬಾಯಿ ತೆರೆದೆ. ಕೊನೆಯ ಸಲ ಅವಳು ಫೋನ್ ಮಾಡಿದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆಮೇಲೆ ಬಹಳ ದುಃಖವಾಯಿತು. ಈ ಹುಡುಗಿ ನನ್ನ ಕೋಣೆಗೆ ಬಂದವಳಲ್ಲ, ನನ್ನ ಮನೆ ಕಂಡವಳಲ್ಲ. ಕ್ಲಾಸಿನಲ್ಲಿ ಕೂತು ನನ್ನನ್ನು ನೋಡಿದ್ದಾಳೆ, ಅಷ್ಟೆ.

"ನನ್ನದನ್ನ ಹೊಡೆದುಹಾಕು ಗಂಗುಲಪ್ಪ. ಅವಳದೇ ಸರಿ."

ಉಳಿದ ಎರಡು ಪ್ರಶ್ನೆಯನ್ನು ಅವನು ಮೆಲ್ಲಗೆ ಓದಿದ. ಅವೂ ತಾಳೆಯಾದವು. ಪೆನ್ನಿಗೆ ಮುಚ್ಚಳ ಹಾಕಿದ. ಜೇಬಿನಲ್ಲಿ ಮಡಿಸಿಟ್ಟಿದ್ದ ವರದಿಯನ್ನು ತೆಗೆದು ನನ್ನ ಮುಂದಿಟ್ಟ.

"ಹಾಗಾದ್ರೆ ಇದು ನಿಮ್ದು ಸಾರ್, ನೀವೇ ಇಟ್ಕೊಳ್ಳಿ" ಎಂದ. "ಮನುಷ್ಯರನ್ನ ಹೀಗೆ ಓದೋಳ್ನ ಯಾವ ಮಿಷನ್ ಮುಂದೆ ನಿಲ್ಸೋದು? ಶ್ರೀನಿವಾಸಪುರದಲ್ಲಿ ಆರ್ಟ್ಸ್‌ಗೆ ಅರ್ಜಿ ಯಾವಾಗಿಂದ ಕೊಡ್ತಾರೆ?"

ವಾಣಿಶ್ರೀ ಬಾಗಿಲು ದಾಟಿ ಬಂದಳು. ಅಪ್ಪನ ಕೈಯಲ್ಲಿದ್ದ ತನ್ನ ಹಾಳೆಯಲ್ಲಿ ಐವತ್ತೆಂಟರ ಮುಂದೆ ಗುರುತಿಲ್ಲದಿರುವುದನ್ನು ಕಂಡು ಹೆದರಿದಳು.

"ಒಂದು ತಪ್ಪಾಯ್ತಾ ಸಾರ್?"

ನಾನು ಪೆನ್ನು ಇಸಿದುಕೊಂಡು ಅಲ್ಲಿ ಸರಿ ಗುರುತು ಹಾಕಿದೆ.

"ಇಲ್ಲ ಕಣಮ್ಮ" ಎಂದೆ. "ಅರವತ್ತಕ್ಕೆ ಅರವತ್ತು."