ಏಳನೆಯ ಹಂತ

"ತಲೆ ಕಡೆ ಸ್ವಲ್ಪ ಎತ್ತಿ, ಬಾಗಿಲಿಗೆ ತಗಲುತ್ತೆ" ಎಂದ ಮೇಷ್ಟ್ರ ಭಾವಮೈದ. ಮೇಷ್ಟ್ರ ದೇಹವನ್ನು ಆಸ್ಪತ್ರೆಯ ವ್ಯಾನಿನಿಂದ ಇಳಿಸಿ, ಆ ಇಕ್ಕಟ್ಟಿನ ಬಾಗಿಲಲ್ಲಿ ಓರೆ ಮಾಡಿ, ಹಾಲಿನ ಮಂಚದ ಮೇಲೆ ಮಲಗಿಸುವಷ್ಟರಲ್ಲಿ ಹಿಡಿದವರೆಲ್ಲ ಏದುಸಿರು ಬಿಡುತ್ತಿದ್ದರು. ಕಾಲಿನ ಕಡೆ ಹಿಡಿದವರಲ್ಲಿ ಅವರ ಶಿಷ್ಯೆ ತಕ್ಕಡಿಯೂ ಇದ್ದಳು. ಹೆಗಲಿಗೆ ಚೀಲ, ಚೀಲದೊಳಗೆ ಒಂದು ಬಾಟಲಿ. ಮೂರು ಗಂಟೆಗೆ ಮತ್ತೆ ವ್ಯಾನು ಬರುತ್ತದೆ, ಸುಡುವಲ್ಲಿಗೆ ಒಯ್ಯುತ್ತದೆ. ಅದಕ್ಕೆ ಮುಂಚೆ ಅವಳು ಒಂದು ಮಾತು ಹೇಳಲೇಬೇಕಿತ್ತು. ಕೇಳಬೇಕಾದವರು ಬಾಯಿ ಮುಚ್ಚಿ ಮಲಗಿದ್ದರು. ಉಳಿದವರೆಂದರೆ ಅವರ ಹೆಂಡತಿ ಒಬ್ಬರೇ.

ತಕ್ಕಡಿ ಅನ್ನುವ ಹೆಸರು ಮೇಷ್ಟ್ರೇ ಇಟ್ಟದ್ದು. ಅವರ ಪ್ರಯೋಗಾಲಯಕ್ಕೆ ಸೇರಿದ ಮೊದಲ ವಾರ ಬರೀ ಉಪ್ಪನ್ನೂ ಮೂರು ಸಲ ತೂಗಿದವಳು ಅವಳು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವರ ಹೆಂಡತಿಯನ್ನು ಅವಳು ಅಮ್ಮಾ ಎಂದೇ ಕರೆಯುತ್ತಿದ್ದಳು. ಹದಿನಾಲ್ಕು ವರ್ಷದ ಒಡನಾಟ, ಕಡಿಮೆಯೇನಲ್ಲ.

ಮೇಷ್ಟ್ರು ಕೆಲಸ ಮಾಡಿದ್ದ ಸಂಶೋಧನಾ ಸಂಸ್ಥೆಯ ನಿರ್ದೇಶಕರು ಬಂದು, ಹೂವಿಟ್ಟು, ಮೂಲೆಯಲ್ಲಿ ನಿಂತು ಭಾವಮೈದನಿಗೆ ಸಮಾಧಾನ ಹೇಳಿದರು. ಒಳ್ಳೆಯ ಮನುಷ್ಯ, ಶಿಸ್ತಿನ ಮನುಷ್ಯ, ಇತ್ಯಾದಿ. ಆಮೇಲೆ ದನಿ ತಗ್ಗಿಸಿ, "ಆದ್ರೆ ಇಲ್ಲದ್ದನ್ನ ಇದೆ ಅಂತ ಹಟ ಹಿಡಿದು ಇಡೀ ಜೀವನ ಕಳ್ಕೊಂಡ್ರು ಪಾಪ" ಎಂದರು. ತಕ್ಕಡಿ ಚೀಲದ ಮೇಲಿನಿಂದಲೇ ಬಾಟಲಿಯನ್ನು ಒತ್ತಿ ಹಿಡಿದಳು.

*

ಬ್ಯಾಕ್ಟೀರಿಯಾಕ್ಕೆ ಸುತ್ತ ಒಂದು ಗೋಡೆ ಇರುತ್ತದೆ. ಆ ಗೋಡೆಯ ಒಂದು ಚೂರು ಕಂಡರೂ ಸಾಕು, ನಮ್ಮ ಮೈಯ ಕಾವಲು ಕೋಶಗಳು ಕಳ್ಳ ಬಂದ ಎಂದು ಎದ್ದು ಕೂರುತ್ತವೆ. ಆ ಚೂರನ್ನು ಬ್ಯಾಕ್ಟೀರಿಯಾದ ಹಂಗಿಲ್ಲದೆ ತಾವೇ ಗಾಜಿನ ಬುರುಡೆಯಲ್ಲಿ ಕಟ್ಟಬೇಕು, ಅದನ್ನು ತೋರಿಸಿ ಕಾವಲನ್ನು ಎಬ್ಬಿಸಬೇಕು, ಲಸಿಕೆಗಳಿಗೆ ಅದರಿಂದ ಬಲ ಬರಬೇಕು. ಇದೇ ಮೇಷ್ಟ್ರ ಕನಸು. ಎಲ್ಲಕ್ಕಿಂತ ಚಿಕ್ಕ ಚೂರು ಯಾವುದು ಎಂದು ಅವರು ಕಾಗದದ ಮೇಲೆ ಬರೆದುಕೊಂಡಿದ್ದರು. ಕಟ್ಟಲು ಹನ್ನೊಂದು ಹಂತ, ಒಂದೊಂದಕ್ಕೂ ವಾರಗಟ್ಟಲೆ.

ಏಳನೆಯದು ತಕ್ಕಡಿಯ ಪಾಲಿಗೆ ಬಂತು. ಅಲ್ಲಿ ಒಂದು ಅಮೈನೋ ಆಮ್ಲ ಜೋಡಿಸಬೇಕು. ಅದರಲ್ಲಿ ಎಡಗೈ ಬಲಗೈಗಳ ಹಾಗೆ ಎರಡು ರೂಪ. ನಮ್ಮ ಮೈ ಕಟ್ಟಿರುವುದು ಎಡದ್ದರಿಂದ. ಬ್ಯಾಕ್ಟೀರಿಯಾ ಮಾತ್ರ ತನ್ನ ಗೋಡೆಗೆ ಬಲದ್ದನ್ನೂ ಹಾಕಿಕೊಳ್ಳುತ್ತದೆ. ಕಾವಲು ಕೋಶ ಗುರುತು ಹಿಡಿಯುವುದೂ ಅದನ್ನೇ. ಎರಡೂ ಒಂದೇ ಕಪಾಟಿನಲ್ಲಿದ್ದವು. ಅದೇ ಬಿಳಿ ಪುಡಿ, ಅದೇ ನೀಲಿ ಮುಚ್ಚಳ, ಚೀಟಿಯಲ್ಲಿ ಒಂದು ಅಕ್ಷರದ ವ್ಯತ್ಯಾಸ. ಅವಳು ತೂಕವನ್ನು ಮೂರು ಸಲ ನೋಡಿದಳು, ಚೀಟಿಯನ್ನು ಒಂದು ಸಲ.

ಕಟ್ಟಿ ಮುಗಿದ ಚೂರನ್ನು ಕಾವಲು ಕೋಶಗಳಿಗೆ ಹಾಕಿದರೆ ಅವು ಕದಲಲಿಲ್ಲ. ಅದೇ ಚೂರನ್ನು ಮತ್ತೆ ಹಾಕಿದರು, ಮತ್ತೂ ಹಾಕಿದರು; ಊಹೂಂ. ತುಂಬಿದ ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತು, ನನ್ನ ಊಹೆಯೇ ತಪ್ಪಿರಬೇಕು ಎಂದು ಕೂತರು. ಮರುವರ್ಷ ಪ್ರಯೋಗಾಲಯಕ್ಕೆ ಬೀಗ ಬಿತ್ತು, ತಕ್ಕಡಿ ಅದೇ ಸಂಸ್ಥೆಯ ಬೇರೊಂದು ಪ್ರಯೋಗಾಲಯ ಸೇರಿದಳು.

ಎರಡು ವರ್ಷದ ಹಿಂದೆ ಹಳೆಯ ಕಪಾಟು ಖಾಲಿ ಮಾಡುವಾಗ ತಕ್ಕಡಿಯ ಕೈಗೆ ಬಲದ ರೂಪದ ಬಾಟಲಿ ಸಿಕ್ಕಿತು. ಅದರ ಸೀಲೇ ಒಡೆದಿರಲಿಲ್ಲ. ಅಂದರೆ ಏಳನೆಯ ಹಂತದಲ್ಲಿ ಅವಳು ಜೋಡಿಸಿದ್ದು ಎಡದ್ದನ್ನು. ಎರಡು ಸಲ ಮೇಷ್ಟ್ರ ಮನೆಗೆ ಹೋದಳು. "ಏನಮ್ಮ ತಕ್ಕಡಿ, ಏನೋ ಹೇಳೋಕೆ ಬಂದ ಹಾಗಿದೆ?" ಎಂದು ಅವರು ಕೇಳಿದರೆ, "ಏನಿಲ್ಲ ಸಾರ್, ಸುಮ್ನೆ ಬಂದೆ" ಎಂದು ಟೀ ಕುಡಿದು ವಾಪಸು ಬಂದಳು. ಸರಿ ಮಾಡಿಕೊಂಡೇ ಹೇಳೋಣ ಎಂದು ಆ ಬಾಟಲಿಯ ಸೀಲು ಒಡೆದು, ಬಿಡುವಿನ ಹೊತ್ತಿನಲ್ಲಿ ಒಬ್ಬಳೇ ಹನ್ನೊಂದು ಹಂತವನ್ನೂ ಮೊದಲಿನಿಂದ ಕಟ್ಟಿದಳು. ಹೋದ ತಿಂಗಳು ಕೋಶಗಳಿಗೆ ಹಾಕಿದಳು. ಎದ್ದವು. ಎರಡನೆಯ ಸಲವೂ ಎದ್ದವು. ಅಷ್ಟರಲ್ಲಿ ಮೇಷ್ಟ್ರು ನ್ಯುಮೋನಿಯಾ ಎಂದು ಆಸ್ಪತ್ರೆ ಸೇರಿದ್ದರು, ಇನ್ನೂ ಮಾತಾಡುತ್ತಿದ್ದರು. ಮೂರನೆಯ ಸಲವೂ ನೋಡಿಬಿಡೋಣ ಎಂದುಕೊಂಡಳು, ದರಿದ್ರ ಅಭ್ಯಾಸ. ಮೂರನೆಯದು ನಿನ್ನೆ ಸಂಜೆ ಮುಗಿಯಿತು. ಮೇಷ್ಟ್ರು ನಿನ್ನೆ ಬೆಳಿಗ್ಗೆಯೇ ತೀರಿಕೊಂಡಿದ್ದರು.

*

ಎರಡೂವರೆಗೆ ಅಮ್ಮ ಅವಳನ್ನು ಒಳಕೋಣೆಗೆ ಕರೆದು ಒಂದು ನೋಟ್‌ಬುಕ್ ಕೊಟ್ಟರು. ಮೂಲೆಗಳೆಲ್ಲ ಸವೆದು ಹೋಗಿದ್ದವು.

"ಆಸ್ಪತ್ರೆಗೆ ಹೋಗೋವರೆಗೂ ಇದನ್ನೇ ನೋಡ್ತಿದ್ರು. ಎಲ್ಲೋ ಏನೋ ತಪ್ಪಿದೆ ಅಂತ. ಜೊತೇಲೇ ಇಟ್ಟು ಕಳಿಸಿಬಿಡೋಣ ಅಂತಿದೀನಿ. ನಿನಗೆ ಅರ್ಥ ಆಗುತ್ತೆ, ಒಂದು ಸಲ ನೋಡಿಬಿಡಮ್ಮ."

ಒಂದನೆಯ ಹಂತದ ಪುಟ ಕೆಂಪು ಗುರುತುಗಳಿಂದ ತುಂಬಿತ್ತು. ಪ್ರತಿ ಗುರುತಿನ ಪಕ್ಕ ತಾರೀಖು. ಹತ್ತೊಂಬತ್ತು ಸಲ ಪರಿಶೀಲಿಸಿದ್ದರು. ಎರಡು, ಮೂರು, ನಾಲ್ಕು, ಎಲ್ಲವೂ ಹಾಗೆಯೇ. ಏಳನೆಯ ಪುಟ ಬೆಳ್ಳಗಿತ್ತು. ಒಂದು ಕೆಂಪು ಗೆರೆಯೂ ಇಲ್ಲ. ಮೇಲ್ಗಡೆ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ಒಂದೇ ಸಾಲು: ಇದು ತಕ್ಕಡಿ ಮಾಡಿದ್ದು, ನೋಡಬೇಕಾಗಿಲ್ಲ.

ಅವಳು ನೋಟ್‌ಬುಕ್ ಮುಚ್ಚಿ ನೆಲದ ಮೇಲೆ ಕೂತಳು. ಚೀಲದಿಂದ ಬಾಟಲಿ ತೆಗೆದು ಅಮ್ಮನ ಮುಂದಿಟ್ಟಳು. ಒಂದು ಅಕ್ಷರ, ಎರಡು ಬಾಟಲಿ, ಎರಡು ವರ್ಷ, ಮೂರನೆಯ ಸಲ. ಯಾವುದನ್ನೂ ಬಿಡದೆ, ತಲೆಯೆತ್ತದೆ ಹೇಳಿದಳು.

ಅಮ್ಮ ಬಾಟಲಿಯನ್ನು ಕೈಗೆತ್ತಿಕೊಂಡರು. "ಹಾಗಾದ್ರೆ ಅವರು ಅಂದ್ಕೊಂಡಿದ್ದು ಸರಿನಾ?"

"ಪೂರ್ತಿ ಸರಿ ಅಮ್ಮಾ."

ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಅವಳು ಕಾದಳು. ಅಮ್ಮ ಅವಳ ಮಣಿಕಟ್ಟು ಹಿಡಿದು ಎಬ್ಬಿಸಿ, ಹಾಲಿಗೆ ದರದರ ಎಳೆದುಕೊಂಡು ಹೋದರು. ಜನ ಮಾತು ನಿಲ್ಲಿಸಿ ದಾರಿ ಬಿಟ್ಟರು. ನಿರ್ದೇಶಕರು ಕೈಗಡಿಯಾರ ನೋಡುತ್ತಿದ್ದವರು ತಲೆ ಎತ್ತಿದರು.

"ನನಗಲ್ಲ. ಅವರಿಗೆ ಹೇಳು."

ತಕ್ಕಡಿ ಮಂಚದ ಪಕ್ಕ ಮೊಣಕಾಲೂರಿ ಬಾಗಿದಳು. ಆಸ್ಪತ್ರೆಯವರು ಮೇಷ್ಟ್ರ ಎರಡೂ ಕಿವಿಗೆ ಹತ್ತಿ ತುರುಕಿದ್ದರು. ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು. ಅಮ್ಮ ಎರಡು ಬೆರಳಲ್ಲಿ ಒಂದು ಕಿವಿಯ ಹತ್ತಿಯನ್ನು ಮೆಲ್ಲಗೆ ಎಳೆದು ತೆಗೆದು, ಮುಷ್ಟಿಯಲ್ಲಿ ಹಿಡಿದುಕೊಂಡು, ಅವಳು ಬಾಯಿ ತೆರೆಯುವುದನ್ನೇ ಕಾಯುತ್ತ ನಿಂತರು.